ಕಂಪ್ಯೂಟರ್‌ಗೆ ಹೊರಗಿಡುವ ವಾಟರ್ ಕೂಲಿಂಗ್: ಬೇಕಾ, ಬೇಕಿದ್ದರೆ ಯಾವುದು, ಹೇಗೆ ಕೂರಿಸುವುದು

ಬೇಸಿಗೆ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಗ್ರಾಫಿಕ್ಸ್ ಕಾರ್ಡ್ ಕಾದು ಕೆಂಡವಾಗುತ್ತಿದೆ, ಫ್ಯಾನ್ ಸದ್ದು ತಡೆಯಲಾಗುತ್ತಿಲ್ಲ. ಕಂಪ್ಯೂಟರ್ ಪೆಟ್ಟಿಗೆಯ (ಕೇಸಿನ) ಹೊರಗೆ ಇಡುವ ವಾಟರ್ ಕೂಲಿಂಗ್ ಹಾಕಿಸಲಾ? ಯಾವುದು ತಗೊಳ್ಳಲಿ?’ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕೇಳುವವರಲ್ಲಿ ಹೆಚ್ಚಿನವರಿಗೆ ಇದು ಬೇಕಾಗಿಲ್ಲ. ಆದರೆ ನಿಜವಾಗಿ ಬೇಕಾದವರಿಗೆ ಇದಕ್ಕಿಂತ ತಣ್ಣನೆಯ, ಸದ್ದಿಲ್ಲದ ವ್ಯವಸ್ಥೆ ಇನ್ನೊಂದಿಲ್ಲ. ನೀವು ಯಾವ ಗುಂಪು ಅನ್ನುವುದು ಮೊದಲ ಎರಡು ಹಂತ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ.

ಕೆಲವು ಪದಗಳು

ಕಂಪ್ಯೂಟರ್‌ನಲ್ಲಿ ಜಾಸ್ತಿ ಬಿಸಿಯಾಗುವುದು ಎರಡು ಚಿಪ್‌ಗಳು: ಲೆಕ್ಕವೆಲ್ಲ ಮಾಡುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಮೇಲಿರುವ, ಪರದೆಯ ಚಿತ್ರ ತಯಾರಿಸುವ ಗ್ರಾಫಿಕ್ಸ್ ಚಿಪ್. ಇವುಗಳ ಮೇಲೆ ತಾಮ್ರದ ತಳವಿರುವ ಒಂದು ಚಪ್ಪಟೆ ಡಬ್ಬಿ ಕೂರುತ್ತದೆ. ಅದರೊಳಗೆ ಬಹಳ ಸಣ್ಣ ಗೀರುಗಳಿರುತ್ತವೆ, ಅವುಗಳ ನಡುವೆ ನೀರು ಹರಿದು ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಇದು ವಾಟರ್ ಬ್ಲಾಕ್. ನೀರನ್ನು ತಳ್ಳುವುದು ಪಂಪ್. ಹೆಚ್ಚುವರಿ ನೀರು ನಿಲ್ಲುವ, ಗಾಳಿಗುಳ್ಳೆಗಳು ಬೇರೆಯಾಗುವ ಪುಟ್ಟ ತೊಟ್ಟಿ ರಿಸರ್ವಾಯರ್. ಬಿಸಿ ನೀರು ತಣ್ಣಗಾಗುವ ಜಾಗ ರೇಡಿಯೇಟರ್. ಕಾರಿನ ಮೂತಿಯಲ್ಲಿರುವ ರೇಡಿಯೇಟರ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ನೀರು ಸುತ್ತುವ ಇಡೀ ದಾರಿಗೆ ಲೂಪ್ ಎನ್ನುತ್ತಾರೆ.

ಅಂಗಡಿಯಲ್ಲಿ ಎಐಒ ಎಂದು ಸಿಗುತ್ತದಲ್ಲ, ಅದರಲ್ಲಿ ಇವೆಲ್ಲ ಕಾರ್ಖಾನೆಯಲ್ಲೇ ಜೋಡಿಸಿ ಮುಚ್ಚಿ ಬಂದಿರುತ್ತವೆ. ರೇಡಿಯೇಟರ್ ಕೇಸಿನ ಒಳಗೇ ಕೂರುತ್ತದೆ. ಹೊರಗಿಡುವ ವ್ಯವಸ್ಥೆಯಲ್ಲಿ ಕೇಸಿನೊಳಗೆ ಉಳಿಯುವುದು ಬ್ಲಾಕ್ ಮತ್ತು ಪೈಪ್ ಮಾತ್ರ. ರೇಡಿಯೇಟರ್ ಮತ್ತು ಅದರ ಫ್ಯಾನ್‌ಗಳು ಹೊರಗಿರುತ್ತವೆ, ಹೆಚ್ಚಾಗಿ ಪಂಪ್ ಮತ್ತು ರಿಸರ್ವಾಯರ್ ಕೂಡ. ಕೇಸಿನ ಅಳತೆಯ ಹಂಗಿಲ್ಲದೆ ಎಷ್ಟು ದೊಡ್ಡ ರೇಡಿಯೇಟರ್ ಬೇಕಾದರೂ ಹಾಕಬಹುದು. ಇದರ ಮುಖ್ಯ ಲಾಭ ಇದೇ.

ಹಂತ 1: ವ್ಯಾಟ್ ಲೆಕ್ಕ ಹಾಕಿ

ಕಂಪ್ಯೂಟರ್ ಎಳೆಯುವ ವಿದ್ಯುತ್ ಹೆಚ್ಚುಕಮ್ಮಿ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ಹಾಗಾಗಿ ಬ್ರ್ಯಾಂಡ್ ನೋಡುವ ಮೊದಲು ನಿಮ್ಮ ಎರಡು ಚಿಪ್‌ಗಳು ಎಷ್ಟು ವ್ಯಾಟ್ ತಿನ್ನುತ್ತವೆ ಎಂದು ಬರೆದುಕೊಳ್ಳಿ.

ಇಂಟೆಲ್ ಕೋರ್ ಐ9-14900ಕೆ ಪೂರ್ತಿ ಹೊರೆಯಲ್ಲಿ 253 ವ್ಯಾಟ್ ತನಕ ಹೋಗುತ್ತದೆ. ಡಬ್ಬಿಯ ಮೇಲಿನ 125 ನೋಡಿ ಮೋಸ ಹೋಗಬೇಡಿ, ಅದು ಮೂಲ ವೇಗದ ಲೆಕ್ಕ. ಎಎಂಡಿ ರೈಜೆನ್ 9 7950ಎಕ್ಸ್ ಮೇಲೆ 170 ಎಂದಿದ್ದರೂ 230 ವ್ಯಾಟ್ ಎಳೆಯಬಲ್ಲದು. ಗ್ರಾಫಿಕ್ಸ್ ಕಡೆ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವ್ಯಾಟ್, 4070ಗೆ 200, 4090ಗೆ 450, 5090ಗೆ 575.

ಎರಡನ್ನೂ ಕೂಡಿಸಿ. ಒಟ್ಟು 350ರ ಒಳಗಿದ್ದರೆ ಇಲ್ಲಿಗೇ ನಿಲ್ಲಿಸಿ. ಪ್ರೊಸೆಸರ್ ಮೇಲೆ ಕೂರುವ ಒಳ್ಳೆಯ ಏರ್ ಕೂಲರ್ (ನೀರಿಲ್ಲದೆ ಫ್ಯಾನಿನಿಂದಲೇ ತಣಿಸುವಂಥದ್ದು), ಗಾಳಿ ಚೆನ್ನಾಗಿ ಆಡುವ ಕೇಸ್ ಸಾಕು. ಉಳಿದ ದುಡ್ಡಿಗೆ ಇನ್ನೂ ಒಳ್ಳೆಯ ಕಾರ್ಡ್ ಬರುತ್ತದೆ. 350ರಿಂದ 500ರವರೆಗೆ ನಿಮ್ಮ ಕಿವಿ ನಿರ್ಧರಿಸಬೇಕು. ಸದ್ದು ಸಹಿಸಬಹುದಾದರೆ 360ರ ಎಐಒ (ಮೂರು ಫ್ಯಾನಿನದು) ಸಾಕಾಗುತ್ತದೆ. 500 ದಾಟಿದರೆ, ಅದೂ ವಿಡಿಯೊ ರೆಂಡರಿಂಗ್, ತ್ರೀಡಿ ಕೆಲಸ, ಎಐ ಮಾಡೆಲ್ ತರಬೇತಿ ಅಂತ ಗಂಟೆಗಟ್ಟಲೆ ಓಡಿಸುವವರಾದರೆ, ಹೊರಗಿಡುವ ವ್ಯವಸ್ಥೆ ನಿಮಗೆ ಹೇಳಿ ಮಾಡಿಸಿದ್ದು.

ಇಲ್ಲಿ ಎರಡು ತಪ್ಪು ನಡೆಯುತ್ತವೆ.

ಒಂದು, ಪ್ರೊಸೆಸರ್‌ಗೆ ಮಾತ್ರ ಬ್ಲಾಕ್ ಹಾಕಿ ಗ್ರಾಫಿಕ್ಸ್ ಕಾರ್ಡನ್ನು ಹಾಗೇ ಬಿಡುವುದು. ಮೇಲಿನ ಅಂಕಿಗಳನ್ನೇ ನೋಡಿ, ದೊಡ್ಡ ಕಾರ್ಡಾದರೆ ಜಾಸ್ತಿ ಶಾಖ ಅದರದ್ದೇ ಅಲ್ವಾ? ಸದ್ದು ಮಾಡುವುದೂ ಅದರ ಫ್ಯಾನ್‌ಗಳೇ. ಕಾರ್ಡನ್ನು ಲೂಪಿಗೆ ಸೇರಿಸದಿದ್ದರೆ ಇಷ್ಟು ದೊಡ್ಡ ರೇಡಿಯೇಟರ್ ತಂದದ್ದು ದಂಡ.

ಇನ್ನೊಂದು ಸ್ವಲ್ಪ ಸೂಕ್ಷ್ಮ. ಇವತ್ತಿನ ಪ್ರೊಸೆಸರ್‌ಗಳಲ್ಲಿ ಉಗುರಿನಷ್ಟು ಜಾಗದಿಂದ 200 ವ್ಯಾಟ್ ಹೊರಬರಬೇಕು. ಶಾಖ ಸಿಕ್ಕಿಹಾಕಿಕೊಳ್ಳುವುದು ಚಿಪ್ ಮತ್ತು ನೀರಿನ ನಡುವೆ. ನೀರು 35 ಡಿಗ್ರಿಯಲ್ಲೇ ಇದ್ದರೂ ಪ್ರೊಸೆಸರ್ 95 ತೋರಿಸಬಹುದು. ರೈಜೆನ್ 7000 ಸರಣಿಯ ಹೆಚ್ಚಿನ ಚಿಪ್‌ಗಳು ಪೂರ್ತಿ ಹೊರೆಯಲ್ಲಿ 95ರವರೆಗೆ ಹೋಗುವಂತೆಯೇ ತಯಾರಾಗಿವೆ. ರೇಡಿಯೇಟರ್ ದೊಡ್ಡದಾದಷ್ಟೂ ತಣ್ಣಗಾಗುವುದು ನೀರು ಮಾತ್ರ, ಅದೂ ಕೆಲವೇ ಡಿಗ್ರಿ. ‘ಇಷ್ಟು ಖರ್ಚು ಮಾಡಿದರೂ ಪ್ರೊಸೆಸರ್ 60ಕ್ಕೆ ಇಳಿಯಲಿಲ್ಲ’ ಎಂದು ಆಮೇಲೆ ಬೇಜಾರಾಗುವುದಕ್ಕಿಂತ ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಗ್ರಾಫಿಕ್ಸ್ ಚಿಪ್ ದೊಡ್ಡದು, ಶಾಖ ಹರಡಿಕೊಂಡಿರುತ್ತದೆ, ಅಲ್ಲಿ ನೀರಿನ ಲಾಭ ಎದ್ದು ಕಾಣುತ್ತದೆ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಸಾಫ್ಟ್‌ವೇರ್‌ನಲ್ಲೇ ಕಾರ್ಡಿನ ವಿದ್ಯುತ್ ಮಿತಿಯನ್ನು ನೂರರಿಂದ ಎಂಬತ್ತು ಶೇಕಡಕ್ಕೆ ಇಳಿಸಿ ಒಂದು ವಾರ ಬಳಸಿ ನೋಡಿ. 4090ರಂಥ ಕಾರ್ಡಿನಲ್ಲಿ ಹೀಗೆ ಮಾಡಿದಾಗ ಆಟದ ವೇಗ ಕಡಿಮೆಯಾಗುವುದು ಕೆಲವೇ ಶೇಕಡ, ಶಾಖ ಮಾತ್ರ 90 ವ್ಯಾಟ್ ಇಳಿಯುತ್ತದೆ. ನಿಮ್ಮ ಸಮಸ್ಯೆ ಇಷ್ಟರಲ್ಲೇ ಮುಗಿದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಹಂತ 2: ಶಾಖ ಎಲ್ಲಿಗೆ ಹೋಗುತ್ತದೆ?

ಎಲ್ಲರೂ ಮರೆಯುವ ಪ್ರಶ್ನೆ ಇದು. ವಾಟರ್ ಕೂಲಿಂಗ್ ಶಾಖವನ್ನು ಇಲ್ಲವಾಗಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ, ಅಷ್ಟೇ. 600 ವ್ಯಾಟ್ ಕಂಪ್ಯೂಟರ್ ಕೋಣೆಯಲ್ಲಿದ್ದರೆ 600 ವ್ಯಾಟಿನ ಹೀಟರ್ ಹಾಕಿದಷ್ಟೇ ಶಾಖ ಆ ಕೋಣೆಗೆ. ಕೂಲರ್ ಬದಲಿಸಿದ ಮಾತ್ರಕ್ಕೆ ಕೋಣೆ ತಣ್ಣಗಾಗುವುದಿಲ್ಲ. ಒಂದು ಟನ್ ಎಸಿಯ ಶಕ್ತಿ ಸುಮಾರು 3,500 ವ್ಯಾಟ್. ಅದರಲ್ಲಿ ಆರನೇ ಒಂದು ಪಾಲು ನಿಮ್ಮ ಕಂಪ್ಯೂಟರ್‌ಗೇ ಹೋಗುತ್ತದೆ.

ಇನ್ನೊಂದು ನಿಯಮ. ಬರೀ ರೇಡಿಯೇಟರ್ ಮತ್ತು ಫ್ಯಾನ್ ಇರುವ ಯಾವ ವ್ಯವಸ್ಥೆಯೂ ನೀರನ್ನು ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ನೀರು ಗಾಳಿಗಿಂತ 10 ಡಿಗ್ರಿ ಮೇಲಿದ್ದರೆ ಒಳ್ಳೆಯ ಫಲಿತಾಂಶ ಎಂದು ಲೆಕ್ಕ. ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ಕೋಣೆ 36 ಇದ್ದರೆ ನೀರು 46. ಹೆಸರುವಾಸಿಯಾದ ಡಿ5 ಪಂಪಿನ ಮಿತಿ 60 ಡಿಗ್ರಿ, ಆದರೆ ನೀರನ್ನು ಯಾವಾಗಲೂ 45ರ ಸುತ್ತಮುತ್ತಲೇ ಇಟ್ಟುಕೊಳ್ಳುವುದು ಕ್ಷೇಮ. ತಂಪು ದೇಶದವರು ಹಾಕುವ ಪರೀಕ್ಷೆಗಳು ಹೆಚ್ಚಾಗಿ 20–22 ಡಿಗ್ರಿ ಕೋಣೆಯಲ್ಲಿ ಮಾಡಿದವು. ಅವರ ಅಂಕಿಗಳಿಗೆ ನಿಮ್ಮ ಕೋಣೆಯ ವ್ಯತ್ಯಾಸವನ್ನು ಕೂಡಿಸಿಕೊಂಡು ಓದಿ.

ಹೊರಗಿಡುವ ರೇಡಿಯೇಟರ್‌ನ ಎರಡನೇ ದೊಡ್ಡ ಲಾಭ ಇಲ್ಲಿದೆ. ಗೋಡೆಯಲ್ಲಿ ಎರಡು ತೂತು ಹಾಕಿ ಅದನ್ನು ಪಕ್ಕದ ಕೋಣೆಗೋ ಯುಟಿಲಿಟಿಗೋ ಸಾಗಿಸಿದರೆ ಶಾಖ, ಸದ್ದು ಎರಡೂ ನಿಮ್ಮ ಕೋಣೆಯಿಂದ ಹೊರಗೆ. ಎಸಿ ಬಿಲ್ಲೂ ಇಳಿಯುತ್ತದೆ. ರೇಡಿಯೇಟರನ್ನು ಮೇಜಿನ ಪಕ್ಕದಲ್ಲೇ ಇಡುವುದಾದರೆ ಸದ್ದು ಮಾತ್ರ ಕಡಿಮೆಯಾಗುತ್ತದೆ, ಸೆಕೆ ಹಾಗೇ ಇರುತ್ತದೆ. ನಿಮಗೆ ಬೇಕಾದದ್ದು ಇವೆರಡರಲ್ಲಿ ಯಾವುದು ಅಂತ ತೀರ್ಮಾನಿಸದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ರೇಡಿಯೇಟರ್ ಅಳತೆ

ರೇಡಿಯೇಟರ್‌ಗಳನ್ನು ಫ್ಯಾನಿನ ಅಳತೆಯಲ್ಲಿ ಕರೆಯುತ್ತಾರೆ. 360 ಎಂದರೆ 120 ಮಿಲಿಮೀಟರಿನ ಮೂರು ಫ್ಯಾನ್ ಕೂರುವ ಜಾಗ. ಫ್ಯಾನ್‌ಗಳು ಸದ್ದಿಲ್ಲದೆ ತಿರುಗಬೇಕಿದ್ದರೆ 120ರ ಒಂದೊಂದು ಫ್ಯಾನ್ ಜಾಗಕ್ಕೆ 100 ವ್ಯಾಟ್ ಎಂದು ಹಿಡಿಯುವುದು ರೂಢಿ. ಇದು ಅಂದಾಜು ಲೆಕ್ಕ, ಆದರೆ ಆಯ್ಕೆ ಮಾಡಲು ಸಾಕು. ನಮ್ಮ ಸೆಕೆಗೆ ಇನ್ನೂ ಮೂರನೇ ಒಂದು ಭಾಗ ಸೇರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ.

700 ವ್ಯಾಟ್ ವ್ಯವಸ್ಥೆಗೆ ಏಳು ಫ್ಯಾನ್ ಜಾಗ, ನಮ್ಮ ಲೆಕ್ಕದಲ್ಲಿ ಒಂಬತ್ತು. ಜರ್ಮನಿಯ ವಾಟರ್‌ಕೂಲ್ ಕಂಪನಿಯ ಮೋ-ರಾ3 ರೇಡಿಯೇಟರ್ ಇಷ್ಟು ಹೆಸರು ಮಾಡಿದ್ದು ಇದೇ ಕಾರಣಕ್ಕೆ. ಅದರ 360 ಮಾದರಿಯಲ್ಲಿ 120ರ ಒಂಬತ್ತು ಫ್ಯಾನ್ ಕೂರುತ್ತವೆ, 420 ಮಾದರಿಯಲ್ಲಿ 140ರ ಒಂಬತ್ತು. ಹೆಸರು ನೋಡಿ ಗಲಿಬಿಲಿಯಾಗಬೇಡಿ. ಎಐಒದಲ್ಲಿ 360 ಎಂದರೆ ಮೂರು ಫ್ಯಾನಿನ ಒಂದು ಸಾಲು. ಮೋ-ರಾದಲ್ಲಿ 360 ಎಂದರೆ ಅಂಥ ಮೂರು ಸಾಲು. 420 ಮಾದರಿಯ ಮುಖದ ವಿಸ್ತಾರ ಸಾಮಾನ್ಯ 360 ಎಐಒದ ನಾಲ್ಕರಷ್ಟು.

ಇಷ್ಟು ಜಾಗ ಇದ್ದರೆ ಫ್ಯಾನ್‌ಗಳನ್ನು ನಿಮಿಷಕ್ಕೆ 500–700 ಸುತ್ತಿನಲ್ಲಿ ಓಡಿಸಿದರೂ ಸಾಕು. ಆ ವೇಗದಲ್ಲಿ ಒಳ್ಳೆಯ ಫ್ಯಾನಿನ ಸದ್ದು ಮನೆಯ ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ರೇಡಿಯೇಟರ್‌ನ ರೆಕ್ಕೆಗಳು (ತೆಳು ಲೋಹದ ಹಾಳೆಗಳು) ಒತ್ತಾಗಿದ್ದರೆ ಜೋರಾಗಿ ತಿರುಗುವ ಫ್ಯಾನ್ ಬೇಕು, ವಿರಳವಾಗಿದ್ದರೆ ನಿಧಾನದ ಫ್ಯಾನ್ ಸಾಕು. ನಮ್ಮ ಧೂಳಿಗೂ ವಿರಳ ರೆಕ್ಕೆಗಳೇ ವಾಸಿ, ಬೇಗ ಕಟ್ಟಿಕೊಳ್ಳುವುದಿಲ್ಲ, ತೊಳೆಯುವುದೂ ಸುಲಭ.

ಹಂತ 4: ಸಿದ್ಧ ಪೆಟ್ಟಿಗೆಯೋ, ಬಿಡಿ ಜೋಡಣೆಯೋ

ಮಾರುಕಟ್ಟೆಯಲ್ಲಿ ಮೂರು ಬಗೆ ಇದೆ.

ಮೊದಲನೆಯದು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಜರ್ಮನಿಯ ಆಲ್ಫಾಕೂಲ್ ಕಂಪನಿಯ ಐಸ್‌ವಾಂಡ್ 360 ಈ ಜಾತಿಯದು. ಪಂಪ್, ರಿಸರ್ವಾಯರ್, ಫ್ಯಾನ್, ರೇಡಿಯೇಟರ್ ಎಲ್ಲ ಜೋಡಿಸಿಯೇ ಬರುತ್ತದೆ. ಅಮೆರಿಕದ ಕೂಲೆನ್ಸ್ ಕೂಡ ಬಹಳ ವರ್ಷಗಳಿಂದ ಇಂಥ ಪೆಟ್ಟಿಗೆಗಳನ್ನು ಮಾಡುತ್ತಿದೆ. ಹೊಸಬರಿಗೆ ಅನುಕೂಲ. ಆದರೆ ಒಳಗಿರುವ ರೇಡಿಯೇಟರ್ ಎಷ್ಟು ದೊಡ್ಡದು ನೋಡಿ. 360ರದ್ದೇ ಇದ್ದರೆ ಕೇಸಿನೊಳಗೆ ಕೂರುವ 360ಕ್ಕಿಂತ ಬಹಳ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬೇಡಿ.

ಎರಡನೆಯದು ಬಿಡಿಬಿಡಿಯಾಗಿ ತಂದು ಜೋಡಿಸುವುದು: ಮೋ-ರಾದಂಥ ರೇಡಿಯೇಟರ್, ಬೇರೆ ಪಂಪ್, ಬೇರೆ ರಿಸರ್ವಾಯರ್. 500 ವ್ಯಾಟ್ ದಾಟಿದವರಿಗೆ ನಾನು ಹೇಳುವುದು ಇದನ್ನೇ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಹತ್ತು ವರ್ಷದಲ್ಲಿ ಕಂಪ್ಯೂಟರ್ ಎರಡು ಸಲ ಬದಲಾದರೂ ರೇಡಿಯೇಟರ್ ಅದೇ ಇರುತ್ತದೆ.

ಮೂರನೆಯದು ಚಿಲ್ಲರ್. ಇದರಲ್ಲಿ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುತ್ತದೆ, ನೀರನ್ನು ಕೋಣೆಗಿಂತ ತಣ್ಣಗೆ ಮಾಡುತ್ತದೆ. ಕೇಳಲು ಚೆನ್ನಾಗಿದೆ. ಮನೆಗೆ ಬೇಡ. ಗಾಳಿ 30 ಡಿಗ್ರಿ, ತೇವಾಂಶ ಶೇಕಡ 80 ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರಹನಿ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಇದು ದಿನನಿತ್ಯದ ಹವೆ. ಆ ಹನಿ ಕೂರುವುದು ನಿಮ್ಮ ಬ್ಲಾಕ್ ಮೇಲೆ, ಅಲ್ಲಿಂದ ಇಳಿಯುವುದು ಮದರ್‌ಬೋರ್ಡ್ ಮೇಲೆ. ಮೀನಿನ ತೊಟ್ಟಿಗೆ ಬಳಸುವ ಚಿಲ್ಲರ್ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆಪಡುವವರಿಗೂ ಇದೇ ಎಚ್ಚರಿಕೆ.

ಲ್ಯಾಪ್‌ಟಾಪ್ ಇರುವವರಿಗೆ ಒಂದೇ ಮಾತು. ಹೊರಗಿನಿಂದ ನೀರು ಜೋಡಿಸುವ ಬಾಯಿ ಕಾರ್ಖಾನೆಯಲ್ಲೇ ಇಟ್ಟಿರುವ ಕೆಲವೇ ಮಾದರಿಗಳಿವೆ, ಎಕ್ಸ್‌ಎಂಜಿ ಕಂಪನಿಯ ಓಯಾಸಿಸ್ ಅಂಥವಕ್ಕೆಂದೇ ಬಂದದ್ದು. ಬೇರೆ ಲ್ಯಾಪ್‌ಟಾಪ್‌ಗಳಿಗೆ ಪ್ರಯತ್ನ ಬೇಡ.

ಹಂತ 5: ಲೋಹ ಬೆರೆಸಬೇಡಿ

ಇಡೀ ಲೇಖನದಲ್ಲಿ ಒಂದೇ ಒಂದು ಎಚ್ಚರಿಕೆ ನೆನಪಿಡುವುದಾದರೆ ಇದನ್ನು ನೆನಪಿಡಿ. ತಾಮ್ರ ಮತ್ತು ಅಲ್ಯುಮಿನಿಯಂ ಒಂದೇ ನೀರಿನಲ್ಲಿದ್ದರೆ ಅಲ್ಯುಮಿನಿಯಂ ಕರಗತೊಡಗುತ್ತದೆ. ನೀರಿನ ಮೂಲಕ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ಆಗುವಂಥದೇ ಕ್ರಿಯೆ ನಡೆಯುತ್ತದೆ. ಮೊದಲು ಬಿಳಿ ಪುಡಿ ಬರುತ್ತದೆ, ಆಮೇಲೆ ಬ್ಲಾಕಿನ ಸಣ್ಣ ಗೀರುಗಳು ಕಟ್ಟಿಕೊಳ್ಳುತ್ತವೆ, ಕೊನೆಗೆ ರೇಡಿಯೇಟರ್ ತೂತಾಗುತ್ತದೆ.

ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪ ಒಟ್ಟಿಗೆ ಇರಬಹುದು. ಅಲ್ಯುಮಿನಿಯಂ ಒಂದು ಚೂರೂ ಬೇಡ. ಅಗ್ಗದ ರೇಡಿಯೇಟರ್‌ಗಳು ಹೆಚ್ಚಾಗಿ ಅಲ್ಯುಮಿನಿಯಂ. ಎಐಒಗಳ ರೇಡಿಯೇಟರ್‌ಗಳೂ ಹೆಚ್ಚಿನವು ಹಾಗೇ, ಹಾಗಾಗಿ ಹಳೆಯ ಎಐಒ ಬಿಚ್ಚಿ ಅದರ ರೇಡಿಯೇಟರನ್ನು ನಿಮ್ಮ ಲೂಪಿಗೆ ಸೇರಿಸಬೇಡಿ. ಜಾಹೀರಾತಿನಲ್ಲಿ ಲೋಹ ಯಾವುದೆಂದು ಬರೆದಿಲ್ಲವೇ? ಅಲ್ಯುಮಿನಿಯಂ ಎಂದೇ ತಿಳಿದು ಬಿಟ್ಟುಬಿಡಿ. ಹಳೆಯ ಸಾಮಾನು ಕೊಳ್ಳುವವರ ಕಣ್ಣಿಗೆ ಜಾಲ್ಮನ್ ರಿಸರೇಟರ್ ಬೀಳುವುದುಂಟು. ಫ್ಯಾನೇ ಇಲ್ಲದ, ನೋಡಲು ಚೆಂದದ ನೀಲಿ ಗೋಪುರ. ಅದೂ ಅಲ್ಯುಮಿನಿಯಂ. ಅಲ್ಲದೆ ಅದು ಬಂದ ಕಾಲದ ಕಂಪ್ಯೂಟರ್‌ಗಳ ಶಾಖಕ್ಕೂ ಇವತ್ತಿನದಕ್ಕೂ ಹೋಲಿಕೆಯೇ ಇಲ್ಲ. ಅಲಂಕಾರಕ್ಕೆ ಇಟ್ಟುಕೊಳ್ಳಿ, ಕೆಲಸಕ್ಕೆ ಬೇಡ.

ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ವಿಷಯದಲ್ಲಿ ಇನ್ನೊಂದು. ಚಿಪ್ ಒಂದೇ ಆದರೂ ಒಂದೊಂದು ಕಂಪನಿಯ ಕಾರ್ಡಿನ ಬೋರ್ಡ್ ಬೇರೆ ಇರಬಹುದು. ‘4090 ಬ್ಲಾಕ್’ ಎಂದರೆ ಸಾಲದು. ಕಾರ್ಡಿನ ಪೂರ್ತಿ ಮಾದರಿ ಹೆಸರನ್ನು ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನೋಡಿ. ಕಾರ್ಡಿನ ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಭಾರತದ ವಿತರಕರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಹೊರದೇಶದ ನಿಯಮ ಇಲ್ಲಿ ನಡೆಯುತ್ತದೆಂದು ಭಾವಿಸಬೇಡಿ.

ಹಂತ 6: ಪಂಪ್ ಮತ್ತು ಹರಿವು

ಡಿ5 ಅಥವಾ ಡಿಡಿಸಿ, ಎರಡರಲ್ಲಿ ಒಂದು. ಎರಡೂ 12 ವೋಲ್ಟಿನವು, ವರ್ಷಗಟ್ಟಲೆ ಬಾಳುತ್ತವೆ. ಡಿ5 ಸದ್ದು ಕಡಿಮೆ, ತಾನೂ ಕಡಿಮೆ ಬಿಸಿಯಾಗುತ್ತದೆ. ಅನುಮಾನವಿದ್ದರೆ ಡಿ5 ತಗೊಳ್ಳಿ.

‘ದೂರ ಜಾಸ್ತಿ, ಎರಡು ಪಂಪ್ ಬೇಕಾ?’ ಅಂತ ಕೇಳುತ್ತಾರೆ. ಲೆಕ್ಕ ಮಾಡೋಣ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 70 ವ್ಯಾಟ್ ತೆಗೆದುಕೊಳ್ಳುತ್ತದೆ. 630 ವ್ಯಾಟ್ ವ್ಯವಸ್ಥೆಯಲ್ಲಿ ನಿಮಿಷಕ್ಕೆ 3 ಲೀಟರ್ ಹರಿದರೆ, ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ವ್ಯತ್ಯಾಸ 3 ಡಿಗ್ರಿ. ಹರಿವನ್ನು ಎರಡರಷ್ಟು ಮಾಡಿದರೆ ವ್ಯತ್ಯಾಸ ಒಂದೂವರೆ ಡಿಗ್ರಿಗೆ ಇಳಿಯುತ್ತದೆ. ಅಷ್ಟಕ್ಕಾಗಿ ಇನ್ನೊಂದು ಪಂಪಿನ ಸದ್ದು, ಖರ್ಚು ಬೇಕಾ? ಗಂಟೆಗೆ 120ರಿಂದ 200 ಲೀಟರ್ ಹರಿದರೆ ಸಾಕು. ಡಿ5 ಒಂದೇ ಇದನ್ನು ಮಾಡುತ್ತದೆ. ಬ್ಲಾಕ್‌ಗಳು ಜಾಸ್ತಿ ಇದ್ದು, ಕ್ವಿಕ್ ಡಿಸ್ಕನೆಕ್ಟ್‌ಗಳೂ (ಬೇಗ ಬಿಚ್ಚುವ ಕೊಂಡಿಗಳು) ಇದ್ದು, ಹರಿವು 100ಕ್ಕಿಂತ ಕೆಳಗಿಳಿದರೆ ಆಗ ಎರಡನೆಯದರ ಮಾತು.

ಪಂಪ್ ಯಾವಾಗಲೂ ರಿಸರ್ವಾಯರ್‌ಗಿಂತ ಕೆಳಗಿರಲಿ. ಪಂಪಿನ ಬೇರಿಂಗ್‌ಗೆ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ಒಣಗಿ ಓಡಿದರೆ ಬೇಗ ಹಾಳಾಗುತ್ತದೆ.

ಪಂಪಿಗೆ ಬೇರೆ ಅಡಾಪ್ಟರ್ ಕೊಡಬೇಡಿ. ಕಂಪ್ಯೂಟರ್‌ನ ಪವರ್ ಸಪ್ಲೈಯಿಂದಲೇ ತಂತಿ ಎಳೆಯಿರಿ. ಕರೆಂಟ್ ಹೋದರೆ ಆಗ ಎರಡೂ ಒಟ್ಟಿಗೆ ನಿಲ್ಲುತ್ತವೆ, ಎರಡೂ ಒಟ್ಟಿಗೆ ಶುರುವಾಗುತ್ತವೆ. ಅಡಾಪ್ಟರ್ ಬೇರೆ ಪ್ಲಗ್ಗಿನಲ್ಲಿದ್ದು, ಕಂಪ್ಯೂಟರ್ ಯುಪಿಎಸ್ ಮೇಲಿದ್ದರೆ, ಕರೆಂಟ್ ಹೋದ ತಕ್ಷಣ ಪಂಪ್ ನಿಂತು ಕಂಪ್ಯೂಟರ್ ಮಾತ್ರ ಓಡುತ್ತಿರುತ್ತದೆ. ನಮ್ಮಲ್ಲಿ ಇದು ಆಗಿಯೇ ಆಗುತ್ತದೆ.

ಹಂತ 7: ಪೈಪ್ ಮತ್ತು ಜೋಡಣೆ

ಹೊರಗಿಡುವ ವ್ಯವಸ್ಥೆಗೆ ಮೆತ್ತನೆಯ ಪೈಪೇ ಸರಿ. ಗಾಜಿನಂಥ ಗಟ್ಟಿ ಪೈಪ್ ಚಿತ್ರಕ್ಕೆ ಚೆಂದ, ಎಳೆದಾಡುವ ಜಾಗಕ್ಕೆ ಆಗುವುದಿಲ್ಲ. ಮೆತ್ತನೆಯದರಲ್ಲೂ ಪಾರದರ್ಶಕ ಪಿವಿಸಿ ಬಿಟ್ಟು ಇಪಿಡಿಎಂ ರಬ್ಬರ್ ತಗೊಳ್ಳಿ. ಪಿವಿಸಿಯನ್ನು ಮೆತ್ತಗೆ ಇಡಲು ಸೇರಿಸುವ ರಾಸಾಯನಿಕ ಬಿಸಿನೀರಿನಲ್ಲಿ ನಿಧಾನವಾಗಿ ಬಿಟ್ಟುಕೊಂಡು ಬ್ಲಾಕಿನ ಗೀರುಗಳಲ್ಲಿ ಜಿಗುಟಾಗಿ ಕೂರುತ್ತದೆ. ಇಪಿಡಿಎಂನಲ್ಲಿ ಅದಿಲ್ಲ. ಕಪ್ಪಗಿರುವುದರಿಂದ ಬೆಳಕು ಒಳಗೆ ಹೋಗದೆ ಪಾಚಿಯೂ ಕಡಿಮೆ.

ಅಳತೆ: ಒಳಗೆ 10 ಮಿಲಿಮೀಟರ್, ಹೊರಗೆ 16. ಎಲ್ಲ ಫಿಟ್ಟಿಂಗ್‌ಗಳೂ ಇದೇ ಅಳತೆಯವು ಇರಲಿ. 10/13ರ ಫಿಟ್ಟಿಂಗ್‌ಗೆ 10/16ರ ಪೈಪ್ ಕೂರುವುದಿಲ್ಲ. ಫಿಟ್ಟಿಂಗಿನ ಇನ್ನೊಂದು ತುದಿಯ ಮರೆ (ಥ್ರೆಡ್) ಜಿ 1/4 ಎಂದಿರಬೇಕು, ಹೆಚ್ಚಿನ ಬ್ಲಾಕ್, ರೇಡಿಯೇಟರ್‌ಗಳು ಇದನ್ನೇ ಬಳಸುತ್ತವೆ. ನಲ್ಲಿ ಸಾಮಾನಿನ ಅಂಗಡಿಯ ಕಾಲು ಇಂಚಿನ ಮರೆ ಬೇರೆ ಜಾತಿ ಇರಬಹುದು, ಬಲವಂತವಾಗಿ ತಿರುಗಿಸಿದರೆ ರೇಡಿಯೇಟರ್ ಹೋದಂತೆಯೇ.

ಕ್ವಿಕ್ ಡಿಸ್ಕನೆಕ್ಟ್ ಎಂದರೆ ನೀರು ಚೆಲ್ಲದೆ ಕ್ಷಣದಲ್ಲಿ ಬಿಚ್ಚಿ ಹಾಕಬಹುದಾದ ಕೊಂಡಿ. ಇದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಕಂಪ್ಯೂಟರ್ ರಿಪೇರಿಗೆ ಒಯ್ಯಬೇಕು, ಮನೆ ಬದಲಿಸಬೇಕು, ಧೂಳು ಹೊಡೆಯಬೇಕು ಎಂದಾಗಲೆಲ್ಲ ಇಡೀ ಲೂಪಿನ ನೀರು ಬಸಿಯುವುದು ತಪ್ಪುತ್ತದೆ. ಕೂಲೆನ್ಸ್‌ನ ಕ್ಯೂಡಿ3 ಸರಣಿ ಬಹಳ ಕಾಲದಿಂದ ಹೆಸರು ಉಳಿಸಿಕೊಂಡಿದೆ. ಕೇಸಿನ ಹಿಂಬದಿಯಲ್ಲಿ ಒಂದು ಜೋಡಿ ಇರಲಿ.

ಪೈಪಿನ ದಾರಿಯನ್ನು ದಾರ ಹಿಡಿದು ಅಳೆಯಿರಿ, ಒಂದೂವರೆ ಮೀಟರ್ ಹೆಚ್ಚಿಗೆ ತರಿಸಿ. ಇಲಿ ಓಡಾಡುವ ಮನೆಯಾದರೆ ಹೊರಗೆ ಹಾದುಹೋಗುವ ಭಾಗಕ್ಕೆ ಕಬ್ಬಿಣದ ಸುರುಳಿ ಕವಚ ಅಥವಾ ಗಟ್ಟಿ ಕಾಂಡ್ಯೂಟ್ ಹಾಕಿ. ವೈರ್ ಕಡಿಯುವ ಇಲಿ ರಬ್ಬರನ್ನು ಬಿಡುವುದಿಲ್ಲ.

ರೇಡಿಯೇಟರ್ ಬಾಲ್ಕನಿಯಲ್ಲಿ ಇಡುವವರು ಮಳೆಯ ಇರಚಲು ಬೀಳದ, ಮಧ್ಯಾಹ್ನದ ಬಿಸಿಲು ತಾಗದ ಗೋಡೆ ನೋಡಿ. ಫ್ಯಾನಿನ ಮುಂದೆ, ಹಿಂದೆ ಕನಿಷ್ಠ ಒಂದು ಗೇಣು ಖಾಲಿ ಇರಲಿ. ಕೆನಡಾ, ಜರ್ಮನಿ ಕಡೆಯಿಂದ ಕೇಳುವ ಕನ್ನಡಿಗರಿಗೆ ಬೇರೆ ಮಾತು: ಚಳಿಗಾಲದಲ್ಲಿ ರೇಡಿಯೇಟರ್ ಮನೆಯ ಹೊರಗೆ ಇಡಬೇಡಿ. ನೀರು ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟದಿದ್ದರೂ ಬೆಚ್ಚಗಿನ ಕೋಣೆಯಲ್ಲಿರುವ ಬ್ಲಾಕ್ ಮೇಲೆ ಹನಿ ಕೂರಬಹುದು.

ಹಂತ 8: ಯಾವ ನೀರು?

ನಲ್ಲಿ ನೀರು ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಸ್ನಾನದ ಬಕೆಟ್ಟಿನಲ್ಲಿ ಬಿಳಿ ಕಲೆ ಮಾಡುವ ಸುಣ್ಣ ಬ್ಲಾಕಿನ ಗೀರಿನಲ್ಲೂ ಕೂರುತ್ತದೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ.

ಕಂಪ್ಯೂಟರ್ ಲೂಪಿಗೆಂದೇ ಮಾಡಿದ ಕೂಲಂಟ್ ತಗೊಳ್ಳುವುದು ಸುಲಭದ ದಾರಿ. ಸಾಂದ್ರ ರೂಪದ್ದು ಸಿಕ್ಕಿದರೆ ಸಾಗಣೆ ಖರ್ಚು ಉಳಿಯುತ್ತದೆ, ಇಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಬೆರೆಸಿದರೆ ಆಯಿತು. ಬರೀ ಡಿಸ್ಟಿಲ್ಡ್ ವಾಟರ್ ಸಾಲದು, ತುಕ್ಕು ಮತ್ತು ಪಾಚಿ ತಡೆಯುವ ಔಷಧಿ ಅದರಲ್ಲಿ ಇರಲೇಬೇಕು. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ಬಾಟಲಿಗಳಲ್ಲಿ ಬಹುಪಾಲು ಡಿಮಿನರಲೈಸ್ಡ್ ನೀರು, ಅಂದರೆ ಲವಣ ತೆಗೆದದ್ದು. ಬೆರೆಸಲು ಅದೂ ನಡೆಯುತ್ತದೆ, ಆದರೆ ಸೀಲ್ ಇರುವ ಹೊಸ ಬಾಟಲಿ ಆಗಿರಲಿ.

ಬಣ್ಣಬಣ್ಣದ, ಹಾಲಿನಂತೆ ಕಾಣುವ ಕೂಲಂಟ್ ಬೇಡ. ಅದರ ಕಣಗಳು ತಳದಲ್ಲಿ ಕೂರುತ್ತವೆ. ಕಾರಿನ ಕೂಲಂಟ್ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ವಿಷ, ರುಚಿ ಮಾತ್ರ ಸಿಹಿ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಸೋರಿದರೆ ಪ್ರಾಣಕ್ಕೇ ಅಪಾಯ. ದಯವಿಟ್ಟು ಬಳಸಬೇಡಿ.

ಎಷ್ಟು ಬೇಕು? 10 ಮಿಲಿಮೀಟರ್ ಪೈಪ್ ಒಂದು ಮೀಟರಿಗೆ 80 ಮಿಲಿಲೀಟರ್ ಹಿಡಿಯುತ್ತದೆ. ರೇಡಿಯೇಟರ್, ರಿಸರ್ವಾಯರ್ ಸೇರಿ ದೊಡ್ಡ ವ್ಯವಸ್ಥೆಗೆ ಮೂರು ಲೀಟರ್ ಇಟ್ಟುಕೊಂಡರೆ ಮೇಲೆ ತುಂಬಲೂ ಉಳಿಯುತ್ತದೆ.

‘ವಿದ್ಯುತ್ ಹರಿಯದ ಕೂಲಂಟ್’ ಎಂಬ ಮಾತನ್ನು ನಂಬಿ ಸೋರಿಕೆಯನ್ನು ಹಗುರವಾಗಿ ತಗೊಳ್ಳಬೇಡಿ. ಲೋಹಗಳ ಜೊತೆ ಸುತ್ತುತ್ತಾ ಕೆಲವು ತಿಂಗಳಲ್ಲಿ ಅದೂ ವಿದ್ಯುತ್ ಹರಿಸುತ್ತದೆ.

ಹಂತ 9: ಫ್ಯಾನ್, ಸೆನ್ಸರ್, ಖರೀದಿ

ಒಂಬತ್ತು ಫ್ಯಾನ್‌ಗಳನ್ನು ಒಂದಕ್ಕೊಂದು ಜೋಡಿಸಿ ಮದರ್‌ಬೋರ್ಡಿನ ಒಂದೇ ಪಿನ್ನಿಗೆ ಚುಚ್ಚಬೇಡಿ. ಸಾಮಾನ್ಯವಾಗಿ ಆ ಪಿನ್ನಿನ ಮಿತಿ 1 ಆಂಪಿಯರ್. ಒಂದೊಂದು ಫ್ಯಾನ್ 0.15 ಆಂಪಿಯರ್ ತೆಗೆದುಕೊಂಡರೂ ಒಟ್ಟು 1.35 ಆಗುತ್ತದೆ, ಬೋರ್ಡ್ ಸುಡಬಹುದು. ಪವರ್ ಸಪ್ಲೈಯಿಂದ ನೇರ ವಿದ್ಯುತ್ ಪಡೆಯುವ ಫ್ಯಾನ್ ಹಬ್ ಹಾಕಿ.

ನೀರಿನ ತಾಪ ಅಳೆಯುವ ಸೆನ್ಸರ್ ಒಂದು ಇರಲೇಬೇಕು. ಫ್ಯಾನ್ ವೇಗವನ್ನು ಪ್ರೊಸೆಸರ್ ತಾಪಕ್ಕೆ ಕಟ್ಟಿದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಸುಮ್ನೆ ಏರಿಳಿಯುತ್ತದೆ. ನೀರಿನ ತಾಪಕ್ಕೆ ಕಟ್ಟಿ. ನೀರು ನಿಧಾನ ಬಿಸಿಯಾಗುತ್ತದೆ, ಫ್ಯಾನೂ ನಿಧಾನ ಏರುತ್ತದೆ. ಸೆನ್ಸರ್ ಚುಚ್ಚುವ ಎರಡು ಪಿನ್ನಿನ ಜಾಗ ನಿಮ್ಮ ಮದರ್‌ಬೋರ್ಡಿನಲ್ಲಿ ಇದೆಯೇ ಎಂದು ಮೊದಲೇ ನೋಡಿ. ಹರಿವಿನ ಸೆನ್ಸರ್ ಕೂಡ ಇದ್ದರೆ ಇನ್ನೂ ಒಳ್ಳೆಯದು. ಪಂಪ್ ನಿಂತರೆ ಕಂಪ್ಯೂಟರ್ ತಾನೇ ಆರುವಂತೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಹೊಂದಿಸಿ.

ಫಿಟ್ಟಿಂಗ್, ಪೈಪ್, ಫ್ಯಾನ್, ಪಂಪ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿದರೆ, ಇಲ್ಲವೇ ದೇಶದೊಳಗಿನ ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ದೊಡ್ಡ ರೇಡಿಯೇಟರ್ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ಅಲ್ಲಿನ ಬೆಲೆ ನೋಡಿ ಖುಷಿಪಡುವ ಮುನ್ನ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರಿನವರ ಶುಲ್ಕ ನಾಲ್ಕನ್ನೂ ಸೇರಿಸಿ. ರೇಡಿಯೇಟರ್ ತೂಕದ ವಸ್ತು, ಸಾಗಣೆಯೇ ದುಬಾರಿ. ಜೊತೆಗೆ ನಾಲ್ಕು ಹೆಚ್ಚುವರಿ ಫಿಟ್ಟಿಂಗ್, ರಬ್ಬರ್ ಉಂಗುರಗಳನ್ನೂ ಅದೇ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳಿ. ಹತ್ತು ರೂಪಾಯಿಯ ಉಂಗುರ ಇಲ್ಲದೆ ವಾರಗಟ್ಟಲೆ ಕಾಯುವ ಪಾಡು ಬೇಡ.

ಹಂತ 10: ಕೂರಿಸುವುದು, ಸೋರಿಕೆ ಪರೀಕ್ಷೆ

ಅನುಕ್ರಮ ತಪ್ಪಿಸಬೇಡಿ.

1. ಹೊಸ ರೇಡಿಯೇಟರ್‌ಗೆ ಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಹಾಕಿ ಅಲುಗಾಡಿಸಿ ಚೆಲ್ಲಿ. ಕಾರ್ಖಾನೆಯ ಬೆಸುಗೆ ಚೂರು, ಪುಡಿ ಬರುತ್ತದೆ. ನೀರು ತಿಳಿಯಾಗುವ ತನಕ ಮಾಡಿ.

2. ಎಲ್ಲ ಜೋಡಿಸಿ. ಫಿಟ್ಟಿಂಗ್‌ಗಳನ್ನು ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಬ್ಲಾಕ್, ರಿಸರ್ವಾಯರ್‌ಗಳ ಅಕ್ರಿಲಿಕ್ ಪ್ಲಾಸ್ಟಿಕ್ ಸೀಳುತ್ತದೆ. ಫ್ಯಾನ್ ಕೂರಿಸುವಾಗ ಉದ್ದದ ಸ್ಕ್ರೂ ಬಳಸಿದರೆ ರೇಡಿಯೇಟರಿನ ನೀರಿನ ಕೊಳವೆಗೇ ತೂತಾಗಬಹುದು. ಜೊತೆಗೆ ಬಂದ ಸ್ಕ್ರೂಗಳನ್ನೇ ಬಳಸಿ.

3. ನೀರು ಹಾಕುವ ಮೊದಲು ಗಾಳಿ ಪರೀಕ್ಷೆ. ಮೀಟರ್ ಇರುವ ಪುಟ್ಟ ಲೀಕ್ ಟೆಸ್ಟರ್ ಸಿಗುತ್ತದೆ. ಅದರ ಕೈಪಿಡಿ ಹೇಳಿದಷ್ಟೇ ಒತ್ತಡ ಕೊಟ್ಟು ಅರ್ಧ ಗಂಟೆ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸಡಿಲ ಇದೆ. ಸೈಕಲ್ ಪಂಪಿನಿಂದ ಜೋರಾಗಿ ಹೊಡೆಯಬೇಡಿ.

4. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎರಡರ ವಿದ್ಯುತ್ ತಂತಿಯನ್ನೂ ಕಿತ್ತಿಡಿ. 24 ಪಿನ್ನಿನ ತುದಿಗೆ ಜಂಪರ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆಯೇ ಪವರ್ ಸಪ್ಲೈ ಶುರು ಮಾಡುವ ಕೊಂಡಿ) ಹಾಕಿದರೆ ಪವರ್ ಸಪ್ಲೈ ಪಂಪಿಗೆ ಮಾತ್ರ ವಿದ್ಯುತ್ ಕೊಡುತ್ತದೆ. ಈಗಿನ ತಂತಿಗಳು ಹೆಚ್ಚಾಗಿ ಕಪ್ಪು, ಪವರ್ ಸಪ್ಲೈ ಶುರು ಮಾಡುವ ಹಸಿರು ತಂತಿ ಯಾವುದೆಂದು ತಿಳಿಯುವುದಿಲ್ಲ. ಹಾಗಾಗಿ ತಂತಿ ಚೂರಿನಿಂದ ಊಹೆ ಮಾಡಿ ಚುಚ್ಚಬೇಡಿ.

5. ರಿಸರ್ವಾಯರ್ ತುಂಬಿ, ಪಂಪನ್ನು ಕೆಲವೇ ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿ. ಪಂಪಿನ ಬಾಯಿ ಗಾಳಿ ಹೀರುವ ಮೊದಲೇ ನಿಲ್ಲಿಸಬೇಕು. ಹರಿವು ನಿಂತುಬಿಟ್ಟರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ, ರೇಡಿಯೇಟರನ್ನು ಎರಡೂ ಕಡೆ ವಾಲಿಸಿ.

6. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಇಟ್ಟು ಪಂಪನ್ನು ಒಂದು ದಿನ ಓಡಿಸಿ. ಟಿಶ್ಯೂ ಒಣಗಿದ್ದರೆ ಮಾತ್ರ ಉಳಿದ ತಂತಿಗಳನ್ನು ಹಾಕಿ.

ಇಡೀ ಕಂಪ್ಯೂಟರ್ ಮೂರು ಪಿನ್ನಿನ, ಅರ್ತಿಂಗ್ ಸರಿಯಿರುವ ಪ್ಲಗ್ಗಿನಲ್ಲಿರಲಿ. ನೀರು, ಲೋಹ, ವಿದ್ಯುತ್ ಮೂರೂ ಒಟ್ಟಿಗಿರುವ ಜಾಗ ಇದು. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ.

ಹಂತ 11: ಆಮೇಲಿನ ನೋಟ

ಮೊದಲ ವಾರ ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿ. ಗಾಳಿಗುಳ್ಳೆ ಹೊರಬರುವುದರಿಂದ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಆಮೇಲೂ ಪ್ರತಿ ವಾರ ಬೆರಳಗಲ ಇಳಿಯುತ್ತಿದ್ದರೆ ಸೋರಿಕೆ ಹುಡುಕಿ.

ರೇಡಿಯೇಟರ್ ಧೂಳನ್ನು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಹೊಡೆಯಿರಿ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಹೊಡೆಯಬೇಕು, ಇಲ್ಲದಿದ್ದರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲಂಟ್ ಬದಲಿಸುವ ಅವಧಿ ಅದರ ಬಾಟಲಿ ಮೇಲೆಯೇ ಇರುತ್ತದೆ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಿ. ಬಸಿದ ನೀರು ಮಂಕಾಗಿದ್ದರೆ, ಹಸಿರು ಬಣ್ಣಕ್ಕೆ ತಿರುಗಿದ್ದರೆ ಅಥವಾ ಅದರಲ್ಲಿ ಎಳೆಗಳು ತೇಲುತ್ತಿದ್ದರೆ ಬ್ಲಾಕ್ ಬಿಚ್ಚಿ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಗೀರುಗಳನ್ನು ಶುಚಿ ಮಾಡಿ, ರಬ್ಬರ್ ಉಂಗುರ ಸರಿಯಾಗಿ ತೋಡಿನಲ್ಲಿ ಕೂತಿದೆಯೇ ನೋಡಿ ಮುಚ್ಚಿ.

ಪ್ರತಿ ಸಲ ತೆರೆದು ಮುಚ್ಚಿದ ಮೇಲೂ ಹತ್ತನೇ ಹಂತದ ಗಾಳಿ ಪರೀಕ್ಷೆ, ಟಿಶ್ಯೂ ಪರೀಕ್ಷೆ ಎರಡನ್ನೂ ಮೊದಲಿನಿಂದ ಮಾಡಿ.